ಅರ ಹಾಕಿದ ಗುಂಡು

ಬಿಗ್ ಹೋಲ್ ಕಣಿವೆ, ಮೊಂಟಾನಾ
೩ ನವೆಂಬರ್ ೧೯೯೬

ಪ್ರೀತಿಯ ಆರ್ವಿಡ್ ಅಂಕಲ್,

ಫೋನ್ ಮಾಡಿದರೆ ಅರ್ಧ ನಿಮಗೆ ಕೇಳಿಸುವುದಿಲ್ಲ, ಇನ್ನರ್ಧವನ್ನು ನೀವೇ ಕಟ್ಟಿಕೊಳ್ಳುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಐವತ್ತು ವರ್ಷ ಕಿವಿಗೆ ಒಂದು ಚೂರು ಹತ್ತಿಯನ್ನೂ ಇಟ್ಟುಕೊಳ್ಳದೆ ಕೋವಿ ಹೊಡೆದವರ ಜೊತೆ ಕಾಗದದಲ್ಲೇ ಮಾತಾಡಬೇಕು ಎಂದು ಅಪ್ಪ ನಗುತ್ತಿದ್ದ.

ವೇಡ್ ಮೇವಿನ ಕೆಲಸಕ್ಕೆ ಬ್ಯೂಟ್‌ಗೆ ಬರುತ್ತಿದ್ದಾನೆ. ಅವನ ಕೈಲಿ ಈ ಪತ್ರದ ಜೊತೆ ತೋಟಾಗಳ ಡಬ್ಬಿಯನ್ನೂ ಕಳಿಸಿದ್ದೇನೆ. ನೀವು ತುಂಬಿಕೊಟ್ಟದ್ದು ಇಪ್ಪತ್ತು. ಸೆಪ್ಟೆಂಬರಿನಲ್ಲಿ ಕಾಗದದ ಗುರಿಗೆ ಮೂರು ಹೊಡೆದೆ, ಮೂರೂ ಒಂದು ಬಿಸ್ಕತ್ತಿನಗಲದೊಳಗೆ ಕೂತವು. ನಾಲ್ಕನೆಯದರ ಕಥೆ ನಿಮಗೆ ಗೊತ್ತೇ ಇದೆ. ಉಳಿದ ಹದಿನಾರು ಡಬ್ಬಿಯಲ್ಲಿವೆ. ಅವನ್ನು ಮನೆಯಲ್ಲಿಟ್ಟುಕೊಳ್ಳಲು ನನಗೆ ಮುಖವಿಲ್ಲ.

ಹತ್ತೊಂಬತ್ತು ವರ್ಷ ಅರ್ಜಿ ಹಾಕಿದ ಮೇಲೆ ಬಂದ ಮೂಸ್ ಜಿಂಕೆ ಬೇಟೆಯ ಪರವಾನಗಿ ಅದು. ಅಪ್ಪ ಸಾಯುವ ತನಕ ಅರ್ಜಿ ಹಾಕಿದ, ಒಂದು ಸಲವೂ ಲಾಟರಿಯಲ್ಲಿ ಅವನ ಹೆಸರು ಬರಲಿಲ್ಲ. ನನ್ನ ಹೆಸರು ಬಂದ ದಿನ ನೀವು ನಮ್ಮ ಬೇಟೆ ಬಿಡಾರದ ಹಿರಿಯರಾಗಿ "ತೋಟಾ ನಂದು ಕಣೇ, ನೀನು ಮುಟ್ಟಬೇಡ" ಅಂದಿರಿ. ಪರವಾನಗಿ ಬಂದವರಿಗೆ ಹಿರಿಯರು ತುಂಬಿಕೊಡುವುದು ನಮ್ಮ ಬಿಡಾರದ ಪದ್ಧತಿ, ನನಗೆ ಎಷ್ಟು ಹೆಮ್ಮೆಯಾಗಿತ್ತು! ನಿಮ್ಮ ತೋಟಾ, ಅಪ್ಪನ ಕೋವಿ. ಮೂಸ್ ತೊಂಬತ್ತು ಗಜದಲ್ಲಿ ಅಡ್ಡಡ್ಡ ನಿಂತಿತ್ತು, ಕೋವಿಯ ಕೆಳಗೆ ಮರದ ದಿಮ್ಮಿ ಇತ್ತು, ಗಾಳಿಯಿರಲಿಲ್ಲ. ಇಷ್ಟೆಲ್ಲ ಇದ್ದೂ ನಾನು ಹಾಳು ಮಾಡಿದೆ. ಕುದುರೆಗಿಂತ ಎತ್ತರದ ಪ್ರಾಣಿ, ಒಮ್ಮೆ ಬೆನ್ನು ಬಾಗಿಸಿ ಪೊದೆಯೊಳಗೆ ನುಗ್ಗಿದ್ದು ಈಗಲೂ ಕಣ್ಣ ಮುಂದಿದೆ.

ಮೂರು ದಿನ ಹುಡುಕಿದಿರಿ. ಆ ಮೊಣಕಾಲು ಇಟ್ಟುಕೊಂಡು ಹಿಮದಲ್ಲಿ ಬೆಟ್ಟ ಹತ್ತಿದಿರಿ. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬಿಡಾರದ ಪದ್ಧತಿಯಂತೆ ಪರವಾನಗಿ ಚೀಟಿಯಲ್ಲಿ ತಿಂಗಳು, ತಾರೀಕು ಕತ್ತರಿಸಿ ಅದನ್ನು ಮುಗಿಸಿದ್ದೇನೆ. ಗಾಯ ಮಾಡಿ ಕಳಕೊಂಡದ್ದೂ ಹೊಡೆದ ಲೆಕ್ಕವೇ. ಕಾನೂನು ಹಾಗೆ ಹೇಳುವುದಿಲ್ಲ ಎಂದು ವೇಡ್‌ನ ಅಣ್ಣ, ನನ್ನ ಭಾವ ಗರ್ತ್ ವಾದ ಮಾಡಿದ. "ಇನ್ನೂ ಮೂರು ವಾರ ಇದೆ ಕಣಮ್ಮ, ಬೇರೆದನ್ನ ಹೊಡಿ, ಯಾರ್ ಕೇಳ್ತಾರೆ?" ಅಂದ. ಅಪ್ಪ ಕೇಳುತ್ತಿದ್ದ ಅಂದೆ.

ನಿಮ್ಮ ಕೆಲಸಕ್ಕೆ ಕೆಟ್ಟ ಹೆಸರು ತಂದೆ. ಕ್ಷಮಿಸಿ.

ನಿಮ್ಮ,
ರೊವೀನಾ

*

ಬ್ಯೂಟ್
೧೭ ನವೆಂಬರ್ ೧೯೯೬

ಪ್ರೀತಿಯ ರೊವೀನಾ,

ಡಬ್ಬಿ ತಲುಪಿತು. ವೇಡ್ ಒಳಗೆ ಬಂದು ಕಾಫಿ ಕುಡಿದು ಹೋದ. ಅವನ ಗಾಡಿಯ ಹಿಂದಿನ ಬ್ರೇಕು ಕಿರುಗುಟ್ಟುತ್ತಿದೆ, ನನಗೇ ಕೇಳಿಸಿತು ಅಂದರೆ ನೀನೇ ಯೋಚಿಸು. ಬೇಗ ನೋಡಿಸಿ.

ಇಲ್ಲಿ ಚಳಿ ಬಿದ್ದಿದೆ. ಕಳೆದ ಭಾನುವಾರ ಚರ್ಚಿನಲ್ಲಿ ವರ್ಷದ ಮೀನೂಟ ಇತ್ತು. ಕ್ಷಾರದಲ್ಲಿ ನೆನೆಸಿದ ಒಣಮೀನನ್ನು ನಮ್ಮ ನಾರ್ವೆಯ ಅಜ್ಜಂದಿರು ಬೇರೇನೂ ಸಿಗದೆ ತಿಂದರು. ಸಿಗುತ್ತಿದ್ದರೂ ತಿನ್ನುವ ನಾವೆಂಥ ಪೆದ್ದರೋ ಗೊತ್ತಿಲ್ಲ. ಎರಡು ತಟ್ಟೆ ತಿಂದೆ. ಮೊಣಕಾಲಿಗೆ ಡಾಕ್ಟರು ಸೂಜಿ ಹಾಕಿದ್ದಾರೆ, ಅದರ ಬಗ್ಗೆ ನೀನು ತಲೆ ಕೆಡಿಸಿಕೊಳ್ಳಬೇಡ.

ಆ ತೋಟಾಗಳನ್ನು ಬಿಚ್ಚಿ ಮದ್ದು, ಗುಂಡು ಬೇರೆ ಮಾಡಿಟ್ಟೆ.

ನಿನ್ನಪ್ಪನೂ ಒಂದು ವರ್ಷ ನಿಂತಿದ್ದ ಎಲ್ಕ್ ಜಿಂಕೆಗೆ ಹೊಡೆದು ಗುರಿ ತಪ್ಪಿದ್ದ, ನಿನಗೆ ಹೇಳಿರಲಿಕ್ಕಿಲ್ಲ. ಬೆಟ್ಟದಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ, ಕೈ ತಪ್ಪುವುದು ಎಲ್ಲರಿಗೂ ಇದ್ದದ್ದೇ. ನೀನು ಕ್ಷಮೆ ಕೇಳಬೇಕಾಗಿಲ್ಲ. ಇನ್ನೊಂದು ಸಲ ಹಾಗೆ ಬರೆಯಬೇಡ, ಓದಲು ಕಷ್ಟವಾಗುತ್ತದೆ.

ಆರ್ವಿಡ್

*

ಬಿಗ್ ಹೋಲ್
೯ ಫೆಬ್ರವರಿ ೧೯೯೭

ಪ್ರೀತಿಯ ಆರ್ವಿಡ್ ಅಂಕಲ್,

ಕ್ರಿಸ್‌ಮಸ್‌ಗೆ ಬರುತ್ತೀರಿ ಎಂದು ಕಾದೆವು. ಹಂದಿ ತೊಡೆ ಬೇಯಿಸಿದ್ದೆ, ನಿಮ್ಮ ಕುರ್ಚಿ ಖಾಲಿ ಇತ್ತು. ದಾರಿ ಚೆನ್ನಾಗಿತ್ತು ಎಂದು ಅಂಚೆಯವನು ಹೇಳಿದ. ನನ್ನ ಮೇಲೆ ಬೇಸರವಿದ್ದರೆ ಹೇಳಿಬಿಡಿ.

ಈ ಸಲ ನಾನು ಎಲ್ಕ್‌ಗೂ ಹೋಗಲಿಲ್ಲ. ನೆನಪಿದ್ದ ಹಾಗೆ ಮೊದಲ ಸಲ ನಮ್ಮ ಫ್ರೀಜರಿನಲ್ಲಿ ಅಂಗಡಿಯ ಮಾಂಸವಿದೆ. ದಿನಸಿ ಅಂಗಡಿಯ ಸಾಲಿನಲ್ಲಿ ನಿಂತಾಗ ಹಿಂದಿನಿಂದ ಯಾರೋ, "ಮೂಸ್ ಕೊಳ್ಳೋಕೆ ಬಂದ್ಯೇನೇ ರೊವೀನಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಪ್ಪನ ಕೋವಿಯನ್ನು ಗರ್ತ್‌ಗೆ ಕೊಟ್ಟೆ. ಗೋಡೆಯ ಮೇಲೆ ಅದನ್ನು ನೋಡಿದಾಗಲೆಲ್ಲ ಅಪ್ಪ ತಲೆ ತಗ್ಗಿಸಿ ನಿಂತ ಹಾಗೆ ಕಾಣುತ್ತಿತ್ತು. ವೇಡ್ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ಈಗ ಸರಿಹೋಗಿದ್ದಾನೆ.

ರೊವೀನಾ

*

ಬ್ಯೂಟ್
೨೨ ಫೆಬ್ರವರಿ ೧೯೯೭

ರೊವೀನಾ,

ಕೋವಿಯನ್ನು ವಾಪಸ್ ತೆಗೆದುಕೋ. ಗರ್ತ್ ಕೇಳಿದಷ್ಟು ಕೊಡು, ಆ ಹಣ ನಾನು ಕಳಿಸುತ್ತೇನೆ. ಅದು ಲೊವೆಲ್‌ನ ಕೋವಿ, ಅವನ ಮಗಳ ಕೈಯಲ್ಲೇ ಇರಬೇಕು. ನಿನ್ನ ಮೇಲೆ ನನಗೆ ಬೇಸರವಿಲ್ಲ. ಯಾವತ್ತೂ ಇರಲಿಲ್ಲ.

ಆರ್ವಿಡ್

*

ಬಿಗ್ ಹೋಲ್
೨೦ ಜೂನ್ ೧೯೯೭

ಪ್ರೀತಿಯ ಆರ್ವಿಡ್ ಅಂಕಲ್,

ನಾಲ್ಕು ತಿಂಗಳಾಯಿತು. ನೀವು ಬರೆಯಲಿಲ್ಲ, ಕರು ಹಾಕಿಸುವ ಗಲಾಟೆಯಲ್ಲಿ ನಾನೂ ಬರೆಯಲಿಲ್ಲ. ಕೋವಿ ಇನ್ನೂ ಗರ್ತ್ ಹತ್ತಿರವೇ ಇದೆ.

ಈಗ ಒಂದು ಕೆಲಸಕ್ಕಾಗಿ ಬರೆಯುತ್ತಿದ್ದೇನೆ. ಅಂಚೆ ಕಚೇರಿಯಿಂದ ನಿವೃತ್ತಳಾದ ನಾರ್ಮಾ ಗಿಲ್‌ಕ್ರಿಸ್ಟ್ ಪ್ರತಿ ಆಗಸ್ಟಿನಲ್ಲಿ ಹೊಸ ಬೇಟೆಗಾರರಿಗೆ ತರಗತಿ ನಡೆಸುತ್ತಾಳಲ್ಲ, ಅವಳು ಮನೆಗೆ ಬಂದಿದ್ದಳು. ಬಹಳ ಹೊತ್ತು ಸುತ್ತಿ ಬಳಸಿ ಮಾತಾಡಿ ಕೊನೆಗೆ ಕೇಳಿದಳು.

"ತಪ್ಪು ತಿಳ್ಕೋಬೇಡ ರೊವೀನಾ. ಗಾಯ ಆಗಿ ತಪ್ಪಿಸಿಕೊಂಡ ಪ್ರಾಣಿ ಬಗ್ಗೆ ನಾನು ಪುಸ್ತಕ ಓದಿ ಹೇಳಿದ್ರೆ ಯಾರೂ ಕಿವಿ ಕೊಡಲ್ಲ. ನೀನು ಬಂದು ನಿಂತು ಹೇಳಿದ್ರೆ ಜನ್ಮದಲ್ಲಿ ಮರೆಯಲ್ಲ."

"ಏನಂತ ಹೇಳ್ಲಿ?"

"ಆಗಿದ್ದನ್ನೇ ಹೇಳು. ಅವಸರ ಪಟ್ಟೆ, ಕೈ ನಡುಗ್ತು, ಅಷ್ಟೇ."

ನನಗೆ ಅವಸರವಿರಲಿಲ್ಲ, ಕೈ ನಡುಗಿದ ನೆನಪೂ ಇಲ್ಲ. ಆದರೆ ಗುರಿ ತಪ್ಪಿದ್ದಂತೂ ನಿಜ, ನೆನಪಿಲ್ಲ ಎಂದರೆ ನೆಪ ಹೇಳಿದ ಹಾಗೆ. ಒಪ್ಪಿಕೊಂಡೆ. ಆಗಸ್ಟ್ ಹದಿನಾರು, ಶನಿವಾರ, ಶಾಲೆಯ ಹಾಲ್‌ನಲ್ಲಿ. ಮೂವತ್ತು ಜನ ಮತ್ತು ಅವರ ಮನೆಯವರು. ಒಮ್ಮೆ ಎಲ್ಲರ ಮುಂದೆ ಹೇಳಿಬಿಟ್ಟರೆ ಅಂಗಡಿಯಲ್ಲಿ ನಗುವುದಾದರೂ ನಿಲ್ಲಬಹುದು.

ಇನ್ನೊಂದು ವಿಷಯ. ಮನೆಯಲ್ಲೇ ತೋಟಾ ತುಂಬುವವರು ತರಗತಿಯಲ್ಲಿ ಇಬ್ಬರು ಮೂವರಿದ್ದಾರೆ. ಸೀಸದ ಮೂತಿಯ ಗುಂಡಿಗೆ ಅರ ಹಾಕಿ ಮೊಂಡು ಮಾಡಿದರೆ, ಒಂದು ಕುಳಿ ತೋಡಿದರೆ ಒಳ್ಳೆಯದೇ ಎಂದು ನಾರ್ಮಾಳನ್ನು ಕೇಳಿದ್ದಾರೆ. ಗರ್ತ್ ಕೂಡ ಊರಲ್ಲೆಲ್ಲ ಅದನ್ನೇ ಹೇಳಿಕೊಂಡು ತಿರುಗುತ್ತಾನೆ, "ಅರ ಹಾಕಿದ್ರೆ ಒಳಗೆ ಹೂವಿನ ಥರ ಅರಳತ್ತೆ, ನಿಂತಲ್ಲೇ ಕೆಡಗತ್ತೆ" ಎಂದು. ನಾರ್ಮಾಳಿಗೆ ಇದು ತಿಳಿಯದು. ನಿಮ್ಮ ಕೆಲಸದ ಮೇಜಿನ ಮೇಲಿನ ಗೋಡೆಗೆ 'ಗುಂಡಿನ ಮೂತಿಗೆ ಕೈ ಹಾಕಬೇಡ' ಎಂದು ದಪ್ಪಕ್ಷರದಲ್ಲಿ ಬರೆದು ಹಾಕಿದ್ದೀರಲ್ಲ, ಅದನ್ನು ಅವಳಿಗೆ ಹೇಳಿದೆ. ಏಕೆ ಕೈ ಹಾಕಬಾರದು ಎಂದು ಒಂದು ಪುಟ ಬರೆದುಕೊಡಿ. ನನ್ನ ಮಾತು ಮುಗಿದ ಮೇಲೆ ಅದನ್ನು ನಾನೇ ಓದುತ್ತೇನೆ. ನನ್ನ ಹೆಸರು ಕೆಟ್ಟ ದಿನ ನಿಮ್ಮ ಹೆಸರಾದರೂ ಮೇಲಿರಲಿ.

ನಿಮ್ಮ,
ರೊವೀನಾ

*

ಬ್ಯೂಟ್
೨ ಜುಲೈ ೧೯೯೭

ಪ್ರೀತಿಯ ರೊವೀನಾ,

ನೀನು ಕೇಳಿದ ಪುಟ ಇದು.

ಸೀಸದ ಮೂತಿಯ ಗುಂಡನ್ನು ಮಾಡಿದವರು ಅದರ ತಾಮ್ರದ ಹೊದಿಕೆ ಎಲ್ಲಿ ತೆಳ್ಳಗಿರಬೇಕು, ಎಲ್ಲಿ ದಪ್ಪಗಿರಬೇಕು, ಸೀಸ ಎಷ್ಟು ಹೊರಗೆ ಕಾಣಬೇಕು ಎಂದು ನೂರಾರು ಸಲ ಹೊಡೆದು ನೋಡಿ ಮಾಡಿರುತ್ತಾರೆ. ಗುಂಡು ನಿಧಾನವಾಗಿ ಅರಳಿ ಆಳಕ್ಕೆ ಹೋಗಬೇಕು. ಅರ ಹಾಕಿದವನು ಆ ಲೆಕ್ಕವನ್ನೆಲ್ಲ ಕೆಡಿಸುತ್ತಾನೆ. ಗುಂಡು ಬೇಗ ಅರಳುವುದು ನಿಜ, ಎಷ್ಟು ಬೇಗ ಎಂದರೆ ದೊಡ್ಡ ಪ್ರಾಣಿಯ ಎಲುಬು ತಾಗುತ್ತಲೇ ಪುಡಿಯಾಗುತ್ತದೆ, ಶ್ವಾಸಕೋಶದ ತನಕ ಹೋಗುವುದಿಲ್ಲ. ಕಾಗದದ ಗುರಿಯಲ್ಲಿ ಇದು ಗೊತ್ತಾಗುವುದಿಲ್ಲ, ಕಾಗದಕ್ಕೆ ಎಲುಬಿಲ್ಲ. ಕೆಲವು ಬಗೆಯ ಗುಂಡಿಗೆ ಅರ ಹಾಕಿದರೆ ಹೊದಿಕೆ ನಳಿಗೆಯಲ್ಲೇ ಉಳಿದು ಮುಂದಿನ ಗುಂಡಿಗೆ ಕೋವಿಯೇ ಸಿಡಿಯಬಹುದು. ಆದ್ದರಿಂದ ಬೇಡ. ಹೆಚ್ಚು ಅರಳುವ ಗುಂಡು ಬೇಕಿದ್ದವರು ಹಾಗೆಂದೇ ಮಾಡಿದ್ದನ್ನು ಕೊಳ್ಳಲಿ.

ಇಷ್ಟು ತರಗತಿಗೆ. ಇನ್ನುಳಿದದ್ದು ನಿನಗೆ.

ನಿನ್ನ ಇಪ್ಪತ್ತು ಗುಂಡುಗಳಿಗೆ ನಾನು ಬಹುಶಃ ಸ್ವಲ್ಪ ಅರ ಮುಟ್ಟಿಸಿದ್ದೆ. ಹಳೆಯ ಡಬ್ಬಿ, ಮೂತಿಗಳೆಲ್ಲ ಜಜ್ಜಿ ಅಂಕುಡೊಂಕಾಗಿದ್ದವು. ನಲವತ್ತು ವರ್ಷ ಗಣಿಯ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತವನಿಗೆ ಅಂಥದ್ದನ್ನು ನೋಡಿಕೊಂಡು ಸುಮ್ಮನಿರಲು ಆಗುವುದಿಲ್ಲ, ನಿನಗೆ ಗೊತ್ತು. ಒಂದು ಸಣ್ಣ ಕುಳಿಯನ್ನೂ ಮಾಡಿದ್ದೆ. ಲೊವೆಲ್‌ನ ಕೋವಿ ಹಗುರದ್ದು, ಮೂಸ್ ದೊಡ್ಡದು, ನಿನಗೆ ಕೆಲಸ ಸುಲಭವಾಗಲಿ ಎನ್ನುವುದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಬಹುಶಃ ಅದರಿಂದಲೂ ಗುಂಡು ಸರಿಯಾಗಿ ಕೆಲಸ ಮಾಡದೆ ಇದ್ದಿರಬಹುದು. ಬಹುಶಃ ತಪ್ಪು ಪೂರ್ತಿ ನಿನ್ನದೇ ಇರಲಿಕ್ಕಿಲ್ಲ. ಹೇಳಬೇಕು ಎನ್ನಿಸಿತು, ಹೇಳಿದೆ. ಇದನ್ನು ನಮ್ಮಿಬ್ಬರಲ್ಲೇ ಇಟ್ಟುಕೊಂಡರೆ ಒಳ್ಳೆಯದು.

ಆರ್ವಿಡ್

*

ಬಿಗ್ ಹೋಲ್
೧೧ ಜುಲೈ ೧೯೯೭

ಆರ್ವಿಡ್ ಅಂಕಲ್,

ನಿಮ್ಮ ಪತ್ರವನ್ನು ಅಡುಗೆಮನೆಯಲ್ಲಿ ನಿಂತೇ ಮೂರು ಸಲ ಓದಿದೆ. ತರಗತಿಯ ಪುಟದಲ್ಲಿ ಒಂದು ಕಡೆಯೂ 'ಬಹುಶಃ' ಇಲ್ಲ. ನನ್ನ ಪುಟದಲ್ಲಿ ಮೂರು ಕಡೆ ಇದೆ. ಇಪ್ಪತ್ತು ಗುಂಡಿಗೆ ಅರ ಹಾಕಿದವರಿಗೆ, ಹಾಕಿದೆನೋ ಇಲ್ಲವೋ ಎಂಬುದು ಬಹುಶಃ ಆಗುವುದು ಹೇಗೆ?

ಅರ ಹಾಕಿದ್ದಕ್ಕೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನನ್ನ ಮೇಲಿನ ಪ್ರೀತಿಗೆ, ಕೆಲಸದ ಜಂಬಕ್ಕೆ ಹಾಕಿದಿರಿ, ಎರಡೂ ನನಗೆ ಅರ್ಥವಾಗುತ್ತವೆ. ಆದರೆ ನವೆಂಬರಿನಲ್ಲಿ ನಾನು ಕ್ಷಮೆ ಕೇಳಿ ಬರೆದೆ. ನೀವು ಮೀನೂಟದ ಬಗ್ಗೆ ಬರೆದಿರಿ. 'ಕೈ ತಪ್ಪುವುದು ಎಲ್ಲರಿಗೂ ಇದ್ದದ್ದೇ' ಎಂದಿರಿ, ಸತ್ತುಹೋದ ನನ್ನಪ್ಪನನ್ನೂ ಸಾಕ್ಷಿಗೆ ಎಳೆದಿರಿ. ಅಂಗಡಿಯಲ್ಲಿ ನಕ್ಕದ್ದನ್ನು ಬರೆದೆ, ಕೋವಿ ಕೊಟ್ಟದ್ದನ್ನು ಬರೆದೆ. ಎಲ್ಲವನ್ನೂ ಓದಿ ಮಡಚಿಟ್ಟಿರಿ.

ಒಂದೇ ಪ್ರಶ್ನೆ. ತಪ್ಪು ಗುಂಡಿನದು ಎಂದು ನಿಮಗೆ ಗೊತ್ತಾದದ್ದು ಯಾವತ್ತು? ತಾರೀಕು ಬರೆಯಿರಿ. 'ಬಹುಶಃ' ಬೇಡ.

ರೊವೀನಾ

*

ಬ್ಯೂಟ್
೩೦ ಜುಲೈ ೧೯೯೭

ರೊವೀನಾ,

ಅಕ್ಟೋಬರ್ ಇಪ್ಪತ್ತಾರು, ಮಧ್ಯಾಹ್ನ. ನೀನು ಗುಂಡು ಹೊಡೆದು ಒಂದು ಗಂಟೆಯೂ ಆಗಿರಲಿಲ್ಲ.

ಹತ್ತೊಂಬತ್ತು ದಿನ ತಡ ಮಾಡಿದೆ. ಆರು ಸಲ ಬರೆದು ಹರಿದೆ. ಈಗ ನಿಲ್ಲಿಸದೆ ಬರೆಯುತ್ತೇನೆ.

ಮೂಸ್ ನಿಂತಿದ್ದ ಜಾಗದಲ್ಲಿ ಹಿಮದ ಮೇಲೆ ಒಂದು ಹಿಡಿ ಕಂದು ಕೂದಲಿತ್ತು, ಭುಜದ ಕೂದಲು. ಪಕ್ಕದಲ್ಲಿ ಬೆರಳುಗುರಿನಷ್ಟು ಎಲುಬಿನ ಚೂರು, ಅದಕ್ಕೆ ಸೀಸ ಮೆತ್ತಿದ್ದ ತಾಮ್ರದ ಸಿಪ್ಪೆ ಅಂಟಿತ್ತು. ನೋಡಿದ ಕೂಡಲೇ ಎಲ್ಲ ಗೊತ್ತಾಯಿತು. ನಿನ್ನ ಗುರಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನೀನು ಇಟ್ಟ ಜಾಗಕ್ಕೇ ಗುಂಡು ಬಿದ್ದಿತ್ತು. ಅಲ್ಲಿ ಅದು ನನ್ನ ಕುಳಿಯಿಂದಾಗಿ ಎಲುಬಿನ ಮೇಲೆಯೇ ಪುಡಿಯಾಯಿತು.

ನೀನು ಹದಿನೈದು ಹೆಜ್ಜೆ ಆಚೆ ನಿಂತು ಅಳುತ್ತಿದ್ದೆ. "ಏನಾದ್ರೂ ಸಿಕ್ತಾ ಅಂಕಲ್?" ಎಂದು ಕೂಗಿದೆ. ನಾನು ಆ ಚೂರುಗಳನ್ನು ಕೈಗವಸಿನೊಳಗೆ ಹಾಕಿಕೊಂಡು, ಕಾಲಿನಿಂದ ಹಿಮ ಕೆದರಿ, "ಏನೂ ಇಲ್ಲ ಮಗೂ" ಅಂದೆ. ನಿನಗೆ ಮಗೂ ಎಂದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಇದು ಇಲ್ಲಿಗೆ ಮುಗಿಯುವುದಿಲ್ಲ. ಇದಕ್ಕಿಂತ ಕೆಟ್ಟದ್ದೊಂದಿದೆ, ಅದನ್ನು ನೀನು ಕೇಳಿಲ್ಲ.

ಚರ್ಮ ಸವರಿದ ಗುಂಡಾದರೆ ಮೂಸ್ ಬೆಟ್ಟ ಹತ್ತಿ ಆಚೆ ಕಣಿವೆಗೆ ಹೋಗುತ್ತದೆ. ಭುಜ ಮುರಿದ ಮೂಸ್ ಬೆಟ್ಟ ಹತ್ತಲಾರದು. ಅದು ಇಳಿಜಾರು ಹಿಡಿದು ನೀರಿನ ಕಡೆ ಹೋಗಿ ಪೊದೆಯಲ್ಲಿ ಮಲಗುತ್ತದೆ. ಇದು ನಿನಗೂ ಗೊತ್ತು, ವೇಡ್‌ಗೂ ಗೊತ್ತು. ಭುಜಕ್ಕೆ ಬಿದ್ದಿದೆ ಎಂದು ಮಾತ್ರ ನಿಮಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನು, "ಬರೀ ಸವರಿದೆ ಅನ್ಸತ್ತೆ, ಮೇಲಕ್ಕೆ ಹೋಗಿರತ್ತೆ, ಬನ್ನಿ" ಅಂದೆ. ಬಿಡಾರದಲ್ಲಿ ಜಾಡು ನೋಡುವ ವಿಷಯದಲ್ಲಿ ನನ್ನ ಮಾತೇ ಕೊನೆಯದಾಗಿತ್ತು. ಆಮೇಲೆ ಹಿಮ ಬಿದ್ದು ಇದ್ದ ಜಾಡೂ ಮುಚ್ಚಿತು.

ಕೆಳಗೆ ಹೋದರೆ ಸಿಗುತ್ತದೆ ಎಂದು ಗೊತ್ತಿದ್ದೇ ನಿಮ್ಮನ್ನು ಮೇಲಕ್ಕೆ ಕರೆದೊಯ್ದೆ. ಸಿಕ್ಕಿದರೆ ಚರ್ಮ ಬಿಡಿಸುವಾಗ ನೀನು ಭುಜ ನೋಡುತ್ತಿದ್ದೆ, ನನ್ನನ್ನೂ ನೋಡುತ್ತಿದ್ದೆ. ಅದೊಂದು ನೋಟಕ್ಕೆ ಹೆದರಿ ಮೂರು ದಿನ ಬೆಟ್ಟ ಹತ್ತಿದೆ. ಮೊದಲೇ ನೋಯುತ್ತಿದ್ದ ಮೊಣಕಾಲು ಪೂರ್ತಿ ಹೋದದ್ದು ಅಲ್ಲಿಯೇ. ಅದನ್ನೂ ನೀನು ನನ್ನ ಉಪಕಾರವೆಂದು ಬರೆದೆ.

ಮೇಜಿನ ಮೇಲಿನ ಬರಹವನ್ನು ಅಕ್ಟೋಬರಿನಲ್ಲೇ ಕಿತ್ತು ಒಲೆಗೆ ಹಾಕಿದ್ದೇನೆ. ಅವತ್ತಿನಿಂದ ಒಂದು ತೋಟಾವನ್ನೂ ತುಂಬಿಲ್ಲ.

ಕ್ಷಮಿಸು ಎಂದು ಕೇಳುವ ಯೋಗ್ಯತೆ ಇಲ್ಲ. ನೀನು ತರಗತಿಗೆ ಹೋಗಿ ಇಲ್ಲದ ತಪ್ಪನ್ನು ಒಪ್ಪಿಕೊಳ್ಳಬೇಡ. ಈ ಪತ್ರವನ್ನು ಅಲ್ಲಿ ಓದು. ಹೆಸರು ಬಿಡದೆ ಓದು.

ಆರ್ವಿಡ್ ಸ್ಟೆನ್‌ಗಾರ್ಡ್

*

ಬಿಗ್ ಹೋಲ್
೧೦ ಆಗಸ್ಟ್ ೧೯೯೭

ಆರ್ವಿಡ್ ಅಂಕಲ್,

ಪತ್ರವನ್ನು ವೇಡ್‌ಗೆ ತೋರಿಸಿದೆ. ಅವನು ಓದಿ ಎದ್ದುಹೋಗಿ ಒಂದು ಗಂಟೆ ಸೌದೆ ಒಡೆದ. ಆಮೇಲೆ ಬಂದು, "ನಡಿ, ಹೋಗಿ ನೋಡ್ಕೊಂಡು ಬರೋಣ" ಅಂದ.

ನಿನ್ನೆ ಹೋಗಿದ್ದೆವು. ಆ ದಿಮ್ಮಿ ಇನ್ನೂ ಅಲ್ಲೇ ಇದೆ. ಅಲ್ಲಿಂದ ಇಳಿಜಾರು ಹಿಡಿದು ಹಳ್ಳದ ಪೊದೆಗಳ ಕಡೆ ನಡೆದೆವು. ಹೆಚ್ಚು ಹುಡುಕಬೇಕಾಗಲಿಲ್ಲ. ಕರಡಿ, ತೋಳಗಳು ಎಳೆದಾಡಿ ಹೆಚ್ಚಿನದು ಚೆಲ್ಲಾಪಿಲ್ಲಿಯಾಗಿದೆ, ಆದರೆ ತಲೆ ಕೊಂಬಿನ ಸಮೇತ ನೀರಿನಂಚಿನಲ್ಲಿದೆ. ಭುಜದ ಎಲುಬನ್ನು ವೇಡ್ ಹುಲ್ಲಿನಲ್ಲಿ ಹುಡುಕಿದ. ಕೀಲಿನ ಮೇಲುಭಾಗ ಒಡೆದಿದೆ, ಬಿರುಕಿನೊಳಗೆ ಸೀಸ ಇನ್ನೂ ಬೂದುಬಣ್ಣದಲ್ಲಿ ಅಂಟಿಕೊಂಡಿದೆ. ನಾನು ಗುರಿಯಿಟ್ಟದ್ದು ಅಲ್ಲಿಗೇ.

ಒಂಬತ್ತು ತಿಂಗಳು ಹೊತ್ತ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯಲಿಲ್ಲ. ನನಗೂ ಒಂದು ನಾಚಿಕೆ ಇದೆ, ನೀವು ಮರೆತಿರಬಹುದು. ಮೂರನೆಯ ದಿನ ವೇಡ್, "ಒಂದ್ಸಲ ಕೆಳಗೂ ನೋಡ್ಬಿಡೋಣ" ಅಂದಿದ್ದ. ನೀವು ಮಾತಾಡಲಿಲ್ಲ. ಬೇಡ, ಸಾಕು ಎಂದವಳು ನಾನು. ಚಳಿಯಾಗುತ್ತಿತ್ತು, ನಿಮ್ಮ ಮುಖ ನೋಡಲು ಆಗುತ್ತಿರಲಿಲ್ಲ, ಮನೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಸಾಕಾಗಿತ್ತು. ಆದ್ದರಿಂದ ಎಲ್ಲವನ್ನೂ ನಿಮ್ಮ ತಲೆಗೆ ಕಟ್ಟುವುದಿಲ್ಲ. ನನ್ನ ಪಾಲನ್ನು ನಾನು ಹೇಳುತ್ತೇನೆ.

ದಿಮ್ಮಿಯಿಂದ ಹಳ್ಳದ ತನಕ ನಾನೂರ ಹನ್ನೆರಡು ಹೆಜ್ಜೆ, ಎಣಿಸಿದೆ. ಅದು ಮಲಗಿದ್ದ ಜಾಗದಲ್ಲಿ ಹುಲ್ಲು ಅಗಲಕ್ಕೆ ಸತ್ತಿದೆ, ಮಣ್ಣು ಗೊರಸಿನಿಂದ ಕೆರೆದು ಕೆರೆದು ಗುಂಡಿ ಬಿದ್ದಿದೆ. ಒಂದು ದಿನದಲ್ಲಿ ಅಷ್ಟು ಕೆರೆಯಲು ಆಗುವುದಿಲ್ಲ ಎಂದು ವೇಡ್ ಹೇಳಿದ. ಅವನು ಮೇಲೆ ದಿಮ್ಮಿಯ ಹತ್ತಿರ ಹೋಗಿ ನಿಂತು, ಅವತ್ತು ನಾವು ಒಬ್ಬರನ್ನೊಬ್ಬರು ಕೂಗಿದ ಹಾಗೆ ನನ್ನ ಹೆಸರು ಹಿಡಿದು ಕೂಗಿದ. ನಾನು ಹಳ್ಳದ ಹತ್ತಿರ ಕೂತಿದ್ದೆ. ಪ್ರತಿ ಅಕ್ಷರವೂ ಕೇಳಿಸಿತು, ಅವತ್ತು ಅದಕ್ಕೂ ಕೇಳಿಸಿರಬೇಕು.

ತರಗತಿಯಲ್ಲಿ ನಿಮ್ಮ ಪತ್ರವನ್ನು ನಾನು ಓದುವುದಿಲ್ಲ. ಶನಿವಾರ ಬೆಳಿಗ್ಗೆ ಹತ್ತಕ್ಕೆ ನೀವೇ ಬನ್ನಿ. ವೇಡ್ ಗಾಡಿ ತಂದು ಕರೆದುಕೊಂಡು ಬರುತ್ತಾನೆ, ದಾರಿಯಲ್ಲಿ ಅವನು ನಿಮ್ಮ ಜೊತೆ ಮಾತಾಡದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಮೊದಲು ನೀವು ಹೇಳಿ, ಆಮೇಲೆ ನಾನು ಹೇಳುತ್ತೇನೆ. ಕಿವಿ ಕೇಳಿಸುವುದಿಲ್ಲ ಎನ್ನಬೇಡಿ, ಕೇಳಬೇಕಾದವರು ನಾವು.

ರೊವೀನಾ